ಮಹಿಳಾ ತಂಡದ ಕೋಚ್ ಗಂಡಸರ ತಂಡ ನಡೆಸಬಲ್ಲರೇ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ನಾನು ಏನೇ ಬರೆಯಲಿ, ಮಾರ್ಚ್ ತಿಂಗಳು ಬಂತೆಂದರೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಪತ್ರದಲ್ಲಿ ಕೇಳುತ್ತಾರೆ, ಫೋನಿನಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಆಟ ಹೊಸದಾದವರು ಮೊದಲಿನಿಂದ ಓದಿ. ಗೊತ್ತಿದ್ದವರು ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಕಾಲೇಜು ಟೀಮಿನ ಕೋಚ್ ಬಗ್ಗೆ ಇಷ್ಟೊಂದು ಚರ್ಚೆ ಯಾಕೆ? ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರ ಥರಾನೇ ಅಲ್ವಾ?

ಹೆಸರು ಮಾತ್ರ ಕಾಲೇಜು ಆಟ. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಇಪ್ಪತ್ತು ಸಾವಿರ ಜನ ಕೂರುತ್ತಾರೆ. ಟಿವಿ ಹಕ್ಕಿನಿಂದ ಕೋಟಿಗಟ್ಟಲೆ ಡಾಲರ್ ಬರುತ್ತದೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಸಂಬಳ ಕಾಲೇಜು ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ತಂಡದ ಒಬ್ಬ ಕೋಚ್‌ನದು.

ಮಹಿಳೆಯರ ಆಟವೂ ಈಗ ಚಿಕ್ಕದಲ್ಲ. 2024ರ ಏಪ್ರಿಲ್‌ನಲ್ಲಿ ಸೌತ್ ಕ್ಯಾರೊಲೈನಾ ಮತ್ತು ಅಯೋವಾ ನಡುವಿನ ಮಹಿಳಾ ಫೈನಲ್ ಅನ್ನು ಅಮೆರಿಕದಲ್ಲಿ ಸುಮಾರು 1.9 ಕೋಟಿ ಜನ ನೋಡಿದರು. ಅದೇ ವರ್ಷದ ಪುರುಷರ ಫೈನಲ್ ನೋಡಿದವರು ಸುಮಾರು 1.5 ಕೋಟಿ. ಮಹಿಳೆಯರ ಫೈನಲ್ ಪುರುಷರ ಫೈನಲನ್ನು ಹಿಂದೆ ಹಾಕಿದ್ದು ಅದೇ ಮೊದಲು.

ಸುತ್ತಿ ಬಳಸಿ ಬೇಡ. ನಡೆಸಬಹುದಾ, ಇಲ್ವಾ?

ನಡೆಸಬಹುದು. ಈ ಬಗ್ಗೆ ನನಗೆ ಅನುಮಾನವೇ ಇಲ್ಲ. ಮೊದಲ ವರ್ಷವೇ ಗೆಲ್ಲಿಸುತ್ತಾರೆ ಎಂದು ಮಾತ್ರ ಹೇಳಲಾರೆ. ಯಾವ ಹೊಸ ಕೋಚ್ ಬಗ್ಗೆಯೂ ಹಾಗೆ ಹೇಳಲು ಬರುವುದಿಲ್ಲ. ಅವರಿಗೆ ಹೊಸದಾಗಿ ಕಲಿಯುವುದು ಇರುತ್ತದೆ, ಆದರೆ ಆ ಕಲಿಕೆ ಜನ ಅಂದುಕೊಂಡ ಜಾಗದಲ್ಲಿ ಇಲ್ಲ. ಮುಂದೆ ಬಿಡಿಸಿ ಹೇಳುತ್ತೇನೆ.

ಹುಡುಗರ ಆಟಕ್ಕೂ ಹುಡುಗಿಯರ ಆಟಕ್ಕೂ ರೂಲ್ಸೇ ಬೇರೆ ಅಂತಾರಲ್ಲ?

ಕೆಲವು ಬೇರೆ ಇವೆ, ಎಲ್ಲವೂ ಒಂದು ವಾರದಲ್ಲಿ ಕಲಿಯುವಂಥವು. ಹುಡುಗಿಯರ ಚೆಂಡಿನ ಸುತ್ತಳತೆ ಸುಮಾರು 28.5 ಇಂಚು, ಹುಡುಗರದು 29.5. ಕಾಲೇಜು ಹುಡುಗಿಯರು 2015ರಿಂದ 10 ನಿಮಿಷದ ನಾಲ್ಕು ಕ್ವಾರ್ಟರ್ ಆಡುತ್ತಾರೆ. ಹುಡುಗರು ಇನ್ನೂ 20 ನಿಮಿಷದ ಎರಡು ಅರ್ಧಗಳಲ್ಲೇ ಇದ್ದಾರೆ. ಫೌಲ್ ಲೆಕ್ಕ ಇದರಿಂದ ಬೇರೆಯಾಗುತ್ತದೆ.

ಬುಟ್ಟಿ ಇರುವುದು ಇಬ್ಬರಿಗೂ 10 ಅಡಿ ಎತ್ತರದಲ್ಲಿ. ಅಂಗಳ 94 ಅಡಿ ಉದ್ದ, 50 ಅಡಿ ಅಗಲ. ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲು ಇರುವ ಸಮಯ, 30 ಸೆಕೆಂಡ್. ಮೂರು ಪಾಯಿಂಟ್ ಗೆರೆ ಕೂಡ 2021ರಿಂದ ಇಬ್ಬರಿಗೂ ಒಂದೇ: 22 ಅಡಿ 1¾ ಇಂಚು.

ಹುಡುಗರು ಎಗರಿ ಚೆಂಡನ್ನು ಬುಟ್ಟಿಯೊಳಗೇ ತುರುಕಿ ಡಂಕ್ ಮಾಡ್ತಾರೆ. ಅದನ್ನು ನೋಡದೆ ಇದ್ದವರು ಹೇಗೆ ಕಲಿಸ್ತಾರೆ?

ನೋಡದೆ ಇದ್ದವರು ಯಾರೂ ಇಲ್ಲ! ಈ ಕೋಚ್‌ಗಳು ಬೆಳೆದದ್ದೇ ಗಂಡಸರ ಆಟ ನೋಡುತ್ತ. ಸ್ಟ್ಯಾನ್‌ಫರ್ಡ್ ಮಹಿಳಾ ತಂಡದ ಕೋಚ್ ಟಾರಾ ವ್ಯಾನ್‌ಡರ್ವೀರ್ 1,216 ಪಂದ್ಯ ಗೆದ್ದು 2024ರಲ್ಲಿ ನಿವೃತ್ತರಾದರು. 1970ರ ದಶಕದಲ್ಲಿ ಇಂಡಿಯಾನಾದಲ್ಲಿ ಓದುತ್ತಿದ್ದಾಗ ಅವರು ಗಂಡಸರ ತಂಡದ ಬಾಬ್ ನೈಟ್ ಅವರ ಪ್ರಾಕ್ಟೀಸ್‌ಗೆ ಹೋಗಿ ಕೂತು ಕಲಿತವರು. ಇಬ್ಬರ ವಿದ್ಯೆಯೂ ಒಂದೇ ಬಾವಿಯ ನೀರು.

ಆದರೂ ಪ್ರಶ್ನೆಯಲ್ಲಿ ಹುರುಳಿದೆ. ಗಂಡಸರ ಆಟದಲ್ಲಿ ಗಾಳಿಯಲ್ಲಿನ ಜಾಗವೂ ಅಂಗಳದ ಭಾಗ. ಬುಟ್ಟಿಯ ಹತ್ತಿರ ಏಳಡಿಯ ಹುಡುಗ ನಿಂತಿದ್ದರೆ, ಹುಡುಗಿಯರ ಆಟದಲ್ಲಿ ಸುಲಭದ ಲೇಅಪ್ (ಬುಟ್ಟಿಯ ಪಕ್ಕದಿಂದಲೇ ಹಾಕುವ ಶಾಟ್) ಅನಿಸುವ ಚೆಂಡು ಇಲ್ಲಿ ತಡೆಗೆ ಸಿಗುತ್ತದೆ. ಪಾಸ್ ಕೊಡುವ ದಾರಿ ಬೇಗ ಮುಚ್ಚುತ್ತದೆ. ಒಬ್ಬ ಡಿಫೆಂಡರ್ ಎರಡು ಹೆಜ್ಜೆಯಲ್ಲಿ ಮುಟ್ಟುವ ದೂರ ಜಾಸ್ತಿ. ಹಾಗಾಗಿ ಆಟಗಾರರನ್ನು ಎಷ್ಟು ಅಂತರದಲ್ಲಿ ನಿಲ್ಲಿಸಬೇಕು, ಸಹಾಯಕ್ಕೆ ಯಾವಾಗ ಓಡಬೇಕು ಎಂಬ ಅಂದಾಜನ್ನು ಕೋಚ್ ಹೊಸದಾಗಿ ಕಣ್ಣಿಗೆ ಕೂಡಿಸಿಕೊಳ್ಳಬೇಕು. ಹೈಸ್ಕೂಲಿನಿಂದ ಕಾಲೇಜಿಗೆ, ಕಾಲೇಜಿನಿಂದ ಗಂಡಸರ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಹೋಗುವ ಗಂಡಸರೂ ಇದನ್ನೇ ಮಾಡುತ್ತಾರೆ. ಒಂದು ಬೇಸಿಗೆ ಪೂರ್ತಿ ವಿಡಿಯೊ ಮುಂದೆ ಕೂರಬೇಕಾಗಬಹುದು. ಜನ್ಮವಿಡೀ ಬೇಕಾಗುವುದಿಲ್ಲ.

## ಇದುವರೆಗೆ ನಡೆದದ್ದು

ಇದುವರೆಗೆ ಯಾರಾದ್ರೂ ಹೀಗೆ ಮಾಡಿ ತೋರಿಸಿದ್ದಾರಾ?

ತೋರಿಸಿದ್ದಾರೆ. ಮೊದಲು ಹೆಚ್ಚಿನವರಿಗೆ ಗೊತ್ತಿಲ್ಲದ ಹೆಸರು ಹೇಳುತ್ತೇನೆ: ಸ್ಪೀಡಿ ಮಾರಿಸ್. ಫಿಲಡೆಲ್ಫಿಯಾದ ಲಾ ಸಾಲ್ ವಿಶ್ವವಿದ್ಯಾಲಯದಲ್ಲಿ 1984ರಿಂದ ಎರಡು ಸೀಸನ್ ಮಹಿಳಾ ತಂಡಕ್ಕೆ ಕೋಚ್ ಆಗಿದ್ದರು. 1986ರಲ್ಲಿ ಅದೇ ಕಾಲೇಜು ಅವರನ್ನು ಗಂಡಸರ ತಂಡಕ್ಕೆ ಕರೆಯಿತು. ಲಯನಲ್ ಸಿಮನ್ಸ್ ಎಂಬ ಹುಡುಗ ಅವರ ಕೈಕೆಳಗೆ ನಾಲ್ಕು ವರ್ಷ ಆಡಿ 3,217 ಪಾಯಿಂಟ್ ಗಳಿಸಿದ. 1989-90ರಲ್ಲಿ ತಂಡ 30 ಗೆದ್ದು 2 ಸೋತಿತು. ಮಾರಿಸ್ 2001ರವರೆಗೆ ಅಲ್ಲೇ ಇದ್ದರು. ಅವರು ಗಂಡಸಾಗಿದ್ದರು, ಆದ್ದರಿಂದ ಯಾರೂ ಅದನ್ನು ಸುದ್ದಿ ಮಾಡಲಿಲ್ಲ. ಆದರೆ ಹುಡುಗಿಯರಿಗೆ ಕಲಿಸಿದವರು ಹುಡುಗರಿಗೆ ಕಲಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿದೆ. ಉಳಿದದ್ದು ಹೆಂಗಸರಿಗೆ ಆ ಕೆಲಸ ಕೊಡುತ್ತಾರೆಯೇ ಎಂಬ ಪ್ರಶ್ನೆ. ಎರಡನ್ನೂ ಕಲಸಿ ಒಂದು ಮಾಡಬಾರದು.

ಹೆಂಗಸರ ವಿಷಯಕ್ಕೆ ಬಂದರೆ, 1990ರಲ್ಲಿ ಕೆಂಟಕಿಯ ರಿಕ್ ಪಿಟಿನೊ ಬರ್ನಡೆಟ್ ಲಾಕ್ ಅವರನ್ನು ಸಹಾಯಕ ಕೋಚ್ ಮಾಡಿಕೊಂಡರು. ಮೊದಲ ದರ್ಜೆಯ, ಅಂದರೆ ಡಿವಿಜನ್ ಒಂದರ ಗಂಡಸರ ತಂಡದಲ್ಲಿ ಆ ಜಾಗಕ್ಕೆ ಬಂದ ಮೊದಲ ಮಹಿಳೆ ಅವರು. 1995ರಲ್ಲಿ ಬ್ರೂಕ್ಲಿನ್‌ನ ಕಿಂಗ್ಸ್‌ಬರೊ ಕಮ್ಯುನಿಟಿ ಕಾಲೇಜಿನಲ್ಲಿ ಕೆರಿ-ಆನ್ ಮೆಕ್‌ಟಿಯರ್ನನ್ ಗಂಡಸರ ತಂಡದ ಮುಖ್ಯ ಕೋಚ್ ಆದರು. 2003ರ ಫೆಬ್ರುವರಿಯಲ್ಲಿ ಟೆನೆಸಿ ಸ್ಟೇಟ್‌ನ ಕ್ರೀಡಾ ನಿರ್ದೇಶಕಿ ಟೆರೀಸಾ ಫಿಲಿಪ್ಸ್ ಒಂದೇ ಒಂದು ಪಂದ್ಯಕ್ಕೆ ಬೆಂಚಿನಲ್ಲಿ ನಿಂತರು. ಡಿವಿಜನ್ ಒಂದರ ಗಂಡಸರ ಪಂದ್ಯವನ್ನು ಮಹಿಳೆಯೊಬ್ಬರು ಮುಖ್ಯ ಕೋಚ್ ಆಗಿ ನಡೆಸಿದ್ದು ಅದೇ ಮೊದಲು. ನ್ಯಾನ್ಸಿ ಲೀಬರ್ಮನ್ 2010-11ರಲ್ಲಿ ಎನ್‌ಬಿಎಯ ಕೆಳಗಿನ ಲೀಗ್‌ನಲ್ಲಿ ಟೆಕ್ಸಸ್ ಲೆಜೆಂಡ್ಸ್ ತಂಡ ನಡೆಸಿದರು.

ಇದನ್ನು ಬರೆಯುವ ಹೊತ್ತಿಗೆ ಎನ್‌ಬಿಎ ತಂಡಕ್ಕಾಗಲಿ, ಡಿವಿಜನ್ ಒಂದರ ಗಂಡಸರ ತಂಡಕ್ಕಾಗಲಿ ಕಾಯಂ ಮುಖ್ಯ ಕೋಚ್ ಆಗಿ ಒಬ್ಬ ಮಹಿಳೆಯೂ ಬಂದಿಲ್ಲ.

ಪ್ಯಾಟ್ ಸಮಿಟ್‌ಗೆ ಗಂಡಸರ ತಂಡ ಕೊಡ್ತೀವಿ ಅಂದ್ರೂ ಬೇಡ ಅಂದ್ರಂತೆ, ನಿಜಾನಾ?

ನಿಜ. ಸಮಿಟ್ ಟೆನೆಸಿಯ ಮಹಿಳಾ ತಂಡದ ಕೋಚ್. ಬೇಡ ಎಂದದ್ದೂ ಎರಡು ಸಲ, 1994ರಲ್ಲಿ ಮತ್ತು 2001ರಲ್ಲಿ. ಎರಡೂ ಸಲ ಅವರದೇ ಟೆನೆಸಿ ವಿಶ್ವವಿದ್ಯಾಲಯದ ಗಂಡಸರ ತಂಡದ ಜಾಗ ಖಾಲಿಯಾಗಿತ್ತು.

ಅವರು ಬೇಡ ಎಂದದ್ದು ಅರ್ಥವಾಗಬೇಕಾದರೆ ಅವರು ಶುರು ಮಾಡಿದ ರೀತಿ ನೋಡಬೇಕು. 1974ರಲ್ಲಿ ಕೋಚ್ ಆದಾಗ ಅವರಿಗೆ 22 ವರ್ಷ. ತಂಡದ ಕೆಲವು ಹುಡುಗಿಯರಿಗಿಂತ ಒಂದೇ ವರ್ಷ ದೊಡ್ಡವರು. ತಿಂಗಳಿಗೆ 250 ಡಾಲರ್ ಸಂಬಳ. ಬೇರೆ ಊರಿಗೆ ಹೋಗುವಾಗ ವ್ಯಾನ್ ಓಡಿಸುವುದೂ ಅವರೇ, ಪಂದ್ಯ ಮುಗಿದ ಮೇಲೆ ಬೆವರಿನ ಜೆರ್ಸಿ ಒಗೆಯುವುದೂ ಅವರೇ. ಅಲ್ಲಿಂದ 38 ವರ್ಷ, 1,098 ಗೆಲುವು, 8 ರಾಷ್ಟ್ರೀಯ ಪ್ರಶಸ್ತಿ. ನಾಲ್ಕು ವರ್ಷ ಪೂರ್ತಿ ಅವರ ಬಳಿ ಆಡಿದ ಒಬ್ಬಳು ಹುಡುಗಿಯೂ ಡಿಗ್ರಿ ಇಲ್ಲದೆ ಹೊರಗೆ ಹೋಗಲಿಲ್ಲ. ನನಗೆ ಎಂಟು ಕಪ್‌ಗಿಂತ ಆ ಮಾತೇ ದೊಡ್ಡದು.

ಗಂಡಸರ ತಂಡಕ್ಕೆ ಹೋಗುವುದನ್ನು ಬಡ್ತಿ ಎಂದು ಯಾಕೆ ಕರೆಯಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಈ ಮಾತನ್ನು ಜನ ಸ್ವಾಭಿಮಾನದ ಮಾತು ಎಂದು ತಿಳಿಯುತ್ತಾರೆ. ಅದು ಲೆಕ್ಕದ ಮಾತೂ ಹೌದು. ಟೆನೆಸಿಯಲ್ಲಿ ಆಗ ಮಹಿಳೆಯರ ಕ್ರೀಡೆಗೆ ಪ್ರತ್ಯೇಕ ಇಲಾಖೆಯೇ ಇತ್ತು. 2001ರ ಹೊತ್ತಿಗೆ ಅವರ ಬಳಿ ಆರು ಪ್ರಶಸ್ತಿ ಇತ್ತು, ತುಂಬಿದ ಅಂಗಳ ಇತ್ತು, ದೇಶದ ಯಾವ ಮೂಲೆಯ ಹುಡುಗಿಯಾದರೂ ಕರೆದರೆ ಬರುವಂಥ ಹೆಸರಿತ್ತು. ಅದನ್ನೆಲ್ಲ ಬಿಟ್ಟು, ಹಿಂದಿನ ಕೋಚ್ ಹೊರಟುಹೋದ, ಪೆಟ್ಟು ತಿಂದ ಒಂದು ತಂಡವನ್ನು ಯಾಕೆ ಹಿಡಿಯಬೇಕು? ಬೆಳೆದು ನಿಂತ ತೋಟ ಬಿಟ್ಟು ಪಕ್ಕದ ಬೀಳು ಹೊಲಕ್ಕೆ ಹೋಗು ಎಂದಂತೆ.

ಜೀನೋ ಆರಿಯೆಮ್ಮ ಗಂಡಸೇ ಅಲ್ವಾ? ಅವರಾದ್ರೂ ಹೋಗಬಹುದಿತ್ತಲ್ಲ?

ಹೋಗಬಹುದಿತ್ತು, ಹೋಗಲಿಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ 1985ರಲ್ಲಿ ಕೋಚ್ ಆಗಿ ಬಂದವರು ಇಂದಿಗೂ ಅಲ್ಲೇ ಇದ್ದಾರೆ. 12 ರಾಷ್ಟ್ರೀಯ ಪ್ರಶಸ್ತಿ. ಆರು ಸೀಸನ್‌ಗಳಲ್ಲಿ ಒಂದೂ ಸೋಲಿಲ್ಲ. 2014ರಿಂದ 2017ರವರೆಗೆ ಸತತ 111 ಗೆಲುವು. ಅದು ಮುರಿದದ್ದು ಮಿಸಿಸಿಪಿ ಸ್ಟೇಟ್ ಎದುರು, ಓವರ್‌ಟೈಮ್‌ನ ಕೊನೆಯ ಕ್ಷಣದ ಒಂದು ಶಾಟ್‌ನಿಂದ.

ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ ಅಂದರೆ, ಇವರು ಹುಡುಗರಿಗೂ ಕಲಿಸಿದ್ದಾರೆ. ಕಾಲೇಜು ಮಟ್ಟಕ್ಕೆ ಗಟ್ಟಿಯಾಗಿ ಬರುವ ಮೊದಲು ಪೆನ್ಸಿಲ್ವೇನಿಯಾದಲ್ಲಿ ತಾವು ಓದಿದ ಹೈಸ್ಕೂಲಿನ ಹುಡುಗರ ತಂಡಕ್ಕೆ ಸಹಾಯಕರಾಗಿದ್ದರು. ಆಮೇಲೆ ವರ್ಜೀನಿಯಾದ ಮಹಿಳಾ ತಂಡ ಸೇರಿದರು. ಹುಡುಗಿಯರ ಆಟದಲ್ಲಿ ಉಳಿದದ್ದು ಬೇರೆ ದಾರಿ ಇಲ್ಲದೆ ಅಲ್ಲ.

ಬೆಕಿ ಹ್ಯಾಮನ್ ಒಂದು ದಿನ ಎನ್‌ಬಿಎ ಕೋಚ್ ಆಗಿದ್ರಂತಲ್ಲ, ಏನದು?

2020ರ ಡಿಸೆಂಬರ್ 30. ಸ್ಯಾನ್ ಆಂಟೋನಿಯೊದಲ್ಲಿ ಸ್ಪರ್ಸ್ ಮತ್ತು ಲೇಕರ್ಸ್ ಪಂದ್ಯ. ಎರಡನೇ ಕ್ವಾರ್ಟರ್‌ನಲ್ಲಿ ಸ್ಪರ್ಸ್ ಕೋಚ್ ಗ್ರೆಗ್ ಪೊಪೊವಿಚ್ ರೆಫ್ರಿ ಮೇಲೆ ಕೂಗಾಡಿ ಹೊರಗೆ ಹೋಗಬೇಕಾಯಿತು. ಹೋಗುವಾಗ ತಮ್ಮ ಸಹಾಯಕ ಕೋಚ್ ಹ್ಯಾಮನ್ ಕಡೆ ಬೆರಳು ತೋರಿಸಿದರು, ಇನ್ನು ತಂಡ ನಿನ್ನದು ಎಂಬಂತೆ. ಅಷ್ಟೇ. ಭಾಷಣ ಇಲ್ಲ, ಹಾರ ತುರಾಯಿ ಇಲ್ಲ. ಮುಂದಿನ ಟೈಮ್‌ಔಟ್‌ನಲ್ಲಿ ಹ್ಯಾಮನ್ ಆಟ ಬರೆದು ತೋರಿಸುವ ಹಲಗೆ ಹಿಡಿದು ಕೂತರು, ಆಟಗಾರರು ಎಂದಿನಂತೆ ಸುತ್ತ ಬಗ್ಗಿ ನಿಂತರು. ಸ್ಪರ್ಸ್ 121-107ರಿಂದ ಸೋತಿತು. ಮರುದಿನದ ಪತ್ರಿಕೆಗಳಿಗೆ ಅದು ಚರಿತ್ರೆ. ಆಟಗಾರರಿಗೆ ಇನ್ನೊಂದು ಬುಧವಾರ, ಯಾಕೆಂದರೆ 2014ರಿಂದ ಅವರ ಮಾತು ಕೇಳಿ ಅಭ್ಯಾಸವಾಗಿತ್ತು. 2015ರಲ್ಲಿ ಸ್ಪರ್ಸ್‌ನ ಸಮ್ಮರ್ ಲೀಗ್ ತಂಡವನ್ನು ಅವರೇ ಗೆಲ್ಲಿಸಿದ್ದರು.

ಹ್ಯಾಮನ್ ಕಾಲೇಜು ಕೋಚ್ ಆಗಿದ್ದವರಲ್ಲ, ಅದನ್ನು ಹೇಳಬೇಕು. 2022ರಲ್ಲಿ ಲಾಸ್ ವೇಗಸ್ ಏಸಸ್ ಎಂಬ ಮಹಿಳಾ ವೃತ್ತಿಪರ ತಂಡಕ್ಕೆ ಹೋಗಿ ಮೂರು ಸಲ ಚಾಂಪಿಯನ್ ಮಾಡಿದ್ದಾರೆ.

## ಒಳಗಿನ ಪ್ರಶ್ನೆಗಳು

ಹತ್ತೊಂಬತ್ತು ವರ್ಷದ ಹುಡುಗರು ಹೆಂಗಸಿನ ಮಾತು ಕೇಳ್ತಾರಾ?

ಈಗಲೇ ಕೇಳುತ್ತಿದ್ದಾರೆ, ದಿನಾ ಮಧ್ಯಾಹ್ನ. ಇದು ಹೊರಗಿನವರಿಗೆ ಕಾಣದ ವಿಷಯ. ಅಮೆರಿಕದ ದೊಡ್ಡ ಮಹಿಳಾ ತಂಡಗಳು ಪ್ರಾಕ್ಟೀಸ್‌ಗೆ ಅದೇ ಕಾಲೇಜಿನ ಹುಡುಗರನ್ನು ಕರೆಯುತ್ತವೆ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡಿ, ಗಂಡಸರ ತಂಡದಲ್ಲಿ ಜಾಗ ಸಿಗದ ಹುಡುಗರು ಇವರು. ಸಂಬಳ ಇಲ್ಲ, ಟಿವಿಯಲ್ಲಿ ಬರುವುದಿಲ್ಲ. ಹೆಚ್ಚೆಂದರೆ ಒಂದು ಟಿ-ಶರ್ಟ್, ಶೂ ಸಿಕ್ಕೀತು.

ಅವರ ಕೆಲಸ ಮುಂದಿನ ವಾರದ ಎದುರಾಳಿ ತಂಡದ ವೇಷ ಹಾಕುವುದು. ಕೋಚ್ ಎದುರಾಳಿಯ ಐದು ಆಟಗಳನ್ನು ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಾರೆ. ಹುಡುಗ ಅದನ್ನು ತಪ್ಪಿಲ್ಲದೆ ಆಡಬೇಕು. ಸ್ಕ್ರೀನ್ ಹಾಕುವಾಗ, ಅಂದರೆ ಎದುರಾಳಿಯ ದಾರಿಗೆ ಅಡ್ಡ ನಿಲ್ಲುವಾಗ, ಅವನ ಕಾಲು ಅರ್ಧ ಅಡಿ ಆಚೆ ಹೋದರೂ ಸೀಟಿ ಬೀಳುತ್ತದೆ, ಎಲ್ಲರೂ ನಿಲ್ಲುತ್ತಾರೆ. ಕೋಚ್ ಬಂದು ಅವನ ಪಾದ ಎಲ್ಲಿರಬೇಕೋ ಅಲ್ಲಿ ತಮ್ಮ ಪಾದ ಇಟ್ಟು ತೋರಿಸುತ್ತಾರೆ. ಅವನು ತಲೆಯಾಡಿಸಿ ಮತ್ತೆ ಶುರು ಮಾಡುತ್ತಾನೆ. ಆರೂವರೆ ಅಡಿಯ ಹುಡುಗ, ಐದೂವರೆ ಅಡಿಯ ಕೋಚ್. ಅಲ್ಲಿ ನಿಂತು ನೋಡಿದರೆ ಎತ್ತರ ಒಂದು ವಿಷಯವೇ ಅನಿಸುವುದಿಲ್ಲ. ಸಮಿಟ್ ಅವರ ಅಂಗಳದಲ್ಲೂ ದಶಕಗಳ ಕಾಲ ಇಂಥ ಹುಡುಗರು ಬೆವರು ಸುರಿಸಿದ್ದಾರೆ.

ಆಟಗಾರ ಯಾವ ಕೋಚ್ ಬಳಿಯೂ ಮೊದಲು ನೋಡುವುದು ಒಂದೇ: ಇವರು ಹೇಳಿದಂತೆ ಮಾಡಿದರೆ ನನ್ನ ಆಟ ಸುಧಾರಿಸುತ್ತದಾ? ಸುಧಾರಿಸಿದರೆ ಮಾತು ಕೇಳುತ್ತಾನೆ. ಇಲ್ಲದಿದ್ದರೆ ಆರೂವರೆ ಅಡಿಯ ಗಂಡು ಕೋಚ್ ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಡ್ರೆಸ್ಸಿಂಗ್ ರೂಮಿಗೆ ಹೋಗೋದು ಹೇಗೆ?

ಬಾಗಿಲು ತಟ್ಟಿ. ಮಹಿಳಾ ತಂಡಗಳ ಗಂಡು ಕೋಚ್‌ಗಳು ಐವತ್ತು ವರ್ಷದಿಂದ ಹಾಗೆಯೇ ಮಾಡುತ್ತಿದ್ದಾರೆ. ಬಟ್ಟೆ ಬದಲಿಸುವ ಕೋಣೆ ಬೇರೆ, ತಂಡದ ಸಭೆ ನಡೆಯುವ ಕೋಣೆ ಬೇರೆ.

ಪ್ರಾಕ್ಟೀಸ್ ಸರಿ. ಒಳ್ಳೆ ಹುಡುಗರನ್ನು ತಂಡಕ್ಕೆ ಸೇರಿಸೋದು? ಅದೇ ಕಷ್ಟ ಅಂತಾರೆ.

ಹೌದು, ಕಷ್ಟ ಇರುವುದೇ ಇಲ್ಲಿ. ಕಾಲೇಜು ಕೋಚ್ ಅರ್ಧ ಮೇಷ್ಟ್ರಾದರೆ ಇನ್ನರ್ಧ ಹುಡುಗರನ್ನು ಹುಡುಕಿ ತರುವವರು. ಹದಿನಾರು ವರ್ಷದ ಹುಡುಗನ ಮನೆಯ ಸೋಫಾ ಮೇಲೆ ಕೂತು ಅವನ ಅಮ್ಮನನ್ನು ಒಪ್ಪಿಸಬೇಕು.

ಒಪ್ಪಿಸುವ ಕಲೆ ಈ ಹೆಂಗಸರಿಗೆ ಗೊತ್ತಿಲ್ಲದ್ದಲ್ಲ. 1990ರಲ್ಲಿ ಸಮಿಟ್ ತುಂಬು ಬಸುರಿಯಾಗಿದ್ದಾಗ ಮಿಶೆಲ್ ಮಾರ್ಸಿನಿಯಾಕ್ ಎಂಬ ಆಟಗಾರ್ತಿಯನ್ನು ತಂಡಕ್ಕೆ ಕರೆಯಲು ಪೆನ್ಸಿಲ್ವೇನಿಯಾದ ಆಕೆಯ ಮನೆಗೆ ಹೋದರು. ಅಲ್ಲೇ ಹೆರಿಗೆಯ ಲಕ್ಷಣ ಶುರುವಾಯಿತು. ಮಾತು ಮುಗಿಸಿಯೇ ವಿಮಾನ ಹತ್ತಿದರು. ಪೈಲಟ್ ವರ್ಜೀನಿಯಾದಲ್ಲಿ ಇಳಿಸುತ್ತೇನೆ ಎಂದರೆ ಬೇಡವೇ ಬೇಡ ಎಂದರು. ಆ ವರ್ಷ ವರ್ಜೀನಿಯಾ ಅವರ ತಂಡವನ್ನು ಟೂರ್ನಿಯಿಂದ ಹೊರಗೆ ಹಾಕಿತ್ತು! ಮಗು ಟೆನೆಸಿಯಲ್ಲೇ ಹುಟ್ಟಿತು. ಮಾರ್ಸಿನಿಯಾಕ್ ಮೊದಲು ನೋಟರ್ ಡೇಮ್‌ಗೆ ಹೋದರೂ ಆಮೇಲೆ ಟೆನೆಸಿಗೆ ಬಂದು 1996ರ ಪ್ರಶಸ್ತಿ ಗೆಲ್ಲಿಸಿದರು.

ಆದರೆ ಹುಡುಗರ ಸಂತೆಯೇ ಬೇರೆ. ಹೈಸ್ಕೂಲು ಹುಡುಗರ ಬೇಸಿಗೆ ಟೂರ್ನಿಗಳು, ಅವುಗಳ ಹಿಂದಿನ ಶೂ ಕಂಪನಿಗಳು, ಹುಡುಗನ ಪರವಾಗಿ ಮಾತಾಡುವ ಮಾವಂದಿರು, ಹಳೇ ಕೋಚ್‌ಗಳು, ಏಜೆಂಟರು. ಇಪ್ಪತ್ತು ವರ್ಷ ಓಡಾಡಿದರೆ ಮಾತ್ರ ಸಿಗುವ ಪರಿಚಯ ಇದು. ಮಹಿಳಾ ಕೋಚ್‌ಗೆ ಹುಡುಗಿಯರ ಕಡೆಯ ಎಲ್ಲ ಫೋನ್ ನಂಬರ್ ಇರುತ್ತವೆ, ಹುಡುಗರ ಕಡೆಯವು ಇರುವುದಿಲ್ಲ. ಈ ಪರಿಚಯ ಇರುವ ಇಬ್ಬರು ಸಹಾಯಕರನ್ನು ಮೊದಲ ದಿನವೇ ಇಟ್ಟುಕೊಳ್ಳಬೇಕು. ನನ್ನನ್ನು ಕೇಳಿದರೆ, ಇಡೀ ಪ್ರಯೋಗ ನಿಲ್ಲುವುದೂ ಬೀಳುವುದೂ ಈ ಇಬ್ಬರ ಮೇಲೆ.

ಹುಡುಗಿಯರು ನಾಲ್ಕು ವರ್ಷ ಇರ್ತಾರೆ, ಹುಡುಗರು ಒಂದೇ ವರ್ಷಕ್ಕೆ ಓಡ್ತಾರೆ. ಆಗ ಕಲಿಸೋದು ಏನು?

ಇಷ್ಟು ದಿನ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಒಳ್ಳೆಯದು ಇದು. ಎನ್‌ಬಿಎ ಸೇರಲು ಹುಡುಗನಿಗೆ 19 ವರ್ಷ ತುಂಬಿ, ಹೈಸ್ಕೂಲು ಮುಗಿದು ಒಂದು ವರ್ಷ ಆಗಿದ್ದರೆ ಸಾಕು. ಮಹಿಳೆಯರ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎ ನಿಯಮ ಅಮೆರಿಕದ ಹುಡುಗಿಯರಿಗೆ ಹೆಚ್ಚುಕಡಿಮೆ 22 ವರ್ಷ, ಇಲ್ಲವೇ ಡಿಗ್ರಿ ಮುಗಿದಿರಬೇಕು. ಸಮಿಟ್, ಆರಿಯೆಮ್ಮ, ವ್ಯಾನ್‌ಡರ್ವೀರ್ ಮೂವರೂ ಈ ನಾಲ್ಕು ವರ್ಷದ ಮೇಲೆ ಕಟ್ಟಿದವರು. ಮೊದಲ ವರ್ಷ ಬೈಗುಳ, ಎರಡನೇ ವರ್ಷ ನಂಬಿಕೆ, ಮೂರನೇ ವರ್ಷ ಜವಾಬ್ದಾರಿ, ನಾಲ್ಕನೇ ವರ್ಷ ಹೊಸ ಹುಡುಗಿಯರಿಗೆ ಇವಳೇ ಕಲಿಸುತ್ತಾಳೆ. ಒಂದೇ ವರ್ಷಕ್ಕೆ ಹೋಗುವ ಹುಡುಗನ ಜೊತೆ ಈ ಸರಪಳಿ ಕಟ್ಟಲು ಆಗುವುದಿಲ್ಲ.

ಈಚೆಗೆ ಈ ವ್ಯತ್ಯಾಸ ಕರಗುತ್ತಿದೆ. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು, ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ಹಾರಬಹುದು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡುತ್ತಿವೆ. ಹುಡುಗಿಯರೂ ಹಾರುತ್ತಿದ್ದಾರೆ. ಪ್ರತಿ ಏಪ್ರಿಲ್‌ನಲ್ಲಿ ಅರ್ಧ ತಂಡ ಹೊಸದಾಗಿ ಕಟ್ಟುವ ಕೆಲಸ ಈಗ ಮಹಿಳಾ ಕೋಚ್‌ಗಳಿಗೂ ರೂಢಿಯಾಗುತ್ತಿದೆ. ಹಾಗಾಗಿ 2001ರ ಸಮಿಟ್‌ಗಿಂತ ಇವತ್ತಿನ ಕೋಚ್‌ಗೆ ಆ ಕಡೆ ದಾಟುವುದು ಸುಲಭ. ನಾಲ್ಕು ವರ್ಷದ ಆ ಸರಪಳಿ ಕಡಿಯುತ್ತಿರುವುದಕ್ಕೆ ಮಾತ್ರ ನನಗೆ ಬೇಸರವಿದೆ.

ಗಂಡಸರು ಮಹಿಳಾ ತಂಡ ನಡೆಸ್ತಾರೆ. ಅವರಿಗೆ ಯಾರೂ ಈ ಪ್ರಶ್ನೆ ಕೇಳಲ್ಲ ಯಾಕೆ?

ಕೇಳಬೇಕು ಎಂದು ಯಾರಿಗೂ ಹೊಳೆದಿಲ್ಲ. 1972ರಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ, ಕಾಲೇಜಿನಲ್ಲಿ ಹೆಣ್ಣು ಗಂಡು ಎಂದು ಭೇದ ಮಾಡುವಂತಿಲ್ಲ ಎಂದಿತು. ಅದರಿಂದ ಹುಡುಗಿಯರಿಗೆ ತಂಡ ಬಂತು, ಸ್ಕಾಲರ್‌ಶಿಪ್ ಬಂತು. ಆದರೆ ಅದಕ್ಕೆ ಮುಂಚೆ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ 90%ಗೂ ಹೆಚ್ಚು ಹೆಂಗಸರೇ ಇದ್ದರು. ಸಂಬಳ ಏರಿದ ಹಾಗೆ ಗಂಡಸರು ಬಂದರು. ಈಗ ಹೆಂಗಸರು ಅರ್ಧಕ್ಕಿಂತ ಕಡಿಮೆ. ಗಂಡಸರ ತಂಡಗಳ ಬಾಗಿಲು ಮಾತ್ರ ಹೆಂಗಸರಿಗೆ ಹಾಗೆ ತೆರೆಯಲಿಲ್ಲ. ಹೋದದ್ದು ಒಂದು ಕಡೆಯಿಂದ, ಬಂದದ್ದು ಯಾವ ಕಡೆಯಿಂದಲೂ ಇಲ್ಲ.

ನಮ್ಮ ಬೆಂಗಳೂರಲ್ಲೂ ಇದನ್ನು ಕಂಡಿದ್ದೇವೆ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ಬಿ ಡಿವಿಜನ್ ನಡೆಯಿತು. ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ತಂಡದ ಕೋಚ್ ಸರ್ಬಿಯಾದ ಗಂಡಸು, ಒಳ್ಳೆಯ ಕೋಚ್. ಅವರಿಗೆ ಹುಡುಗಿಯರ ಆಟ ಅರ್ಥವಾಗುತ್ತದಾ ಎಂದು ನಾವು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಗಂಡಸರ ತಂಡದಲ್ಲಿ ದುಡ್ಡು ಜಾಸ್ತಿ. ಹೋಗದೆ ಇರೋದು ದಡ್ಡತನ ಅಲ್ವಾ?

ಸಾಮಾನ್ಯ ಕೋಚ್‌ಗೆ ಈ ಮಾತು ಒಪ್ಪುತ್ತದೆ, ಎತ್ತರಕ್ಕೆ ಏರಿದವರಿಗೆ ಅಷ್ಟಾಗಿ ಇಲ್ಲ. ಸೌತ್ ಕ್ಯಾರೊಲೈನಾ ಮಹಿಳಾ ತಂಡದ ಕೋಚ್ ಡಾನ್ ಸ್ಟೇಲಿ ಅವರ 2025ರ ಒಪ್ಪಂದ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್. ಲೂಯಿಸಿಯಾನಾ ಸ್ಟೇಟ್ ಮಹಿಳಾ ತಂಡದ ಕಿಮ್ ಮಲ್ಕಿ 2023ರಲ್ಲಿ 10 ವರ್ಷಕ್ಕೆ 3.6 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಗಂಡಸರ ಮಧ್ಯಮ ತಂಡದ ಕೋಚ್‌ಗೆ ಇಷ್ಟು ಸಿಗುವುದಿಲ್ಲ.

ನನಗೆ ನೋವಾಗುವುದು ಸುತ್ತಲಿನ ಇತರ ವ್ಯತ್ಯಾಸಗಳಿಂದ. 2021ರ ರಾಷ್ಟ್ರೀಯ ಟೂರ್ನಿಯಲ್ಲಿ ಗಂಡಸರಿಗೆ ದೊಡ್ಡ ಜಿಮ್ ಕೊಟ್ಟು, ಹುಡುಗಿಯರಿಗೆ ಡಂಬೆಲ್‌ಗಳ ಒಂದು ಚಿಕ್ಕ ಸ್ಟ್ಯಾಂಡ್ ಇಟ್ಟಿದ್ದರು. ಆರೆಗಾನ್‌ನ ಆಟಗಾರ್ತಿ ಸೆಡೋನಾ ಪ್ರಿನ್ಸ್ ಅದನ್ನು ಫೋನಿನಲ್ಲಿ ತೋರಿಸಿದ ಮೇಲೆ ದೇಶಕ್ಕೆಲ್ಲ ಗೊತ್ತಾಯಿತು. ಟೂರ್ನಿಯಲ್ಲಿ ಗಂಡಸರ ಒಂದೊಂದು ಗೆಲುವಿಗೂ ಆ ಕಾಲೇಜು ಸೇರಿರುವ ಕಾಲೇಜುಗಳ ಕೂಟಕ್ಕೆ ಹಣ ಬರುತ್ತಿತ್ತು. ಹುಡುಗಿಯರ ಗೆಲುವಿಗೆ ಅದು ಶುರುವಾದದ್ದು 2025ರಲ್ಲಿ.

ಎನ್‌ಬಿಎಗೆ ಸಹಾಯಕರಾಗಿ ಹೋದವರು ವಾಪಸ್ ಯಾಕೆ ಬಂದ್ರು? ಆಗಲಿಲ್ಲ ಅಂತಾನಾ?

ಆಗಲಿಲ್ಲ ಅಂತಲ್ಲ, ಅಲ್ಲಿ ಮುಂದಿನ ಮೆಟ್ಟಿಲು ಕಾಣಲಿಲ್ಲ. ಲಿಂಡ್ಸಿ ಗಾಟ್‌ಲೀಬ್ ಕ್ಯಾಲಿಫೋರ್ನಿಯಾ ಮಹಿಳಾ ತಂಡವನ್ನು 2013ರಲ್ಲಿ ಕೊನೆಯ ನಾಲ್ಕರ ಹಂತಕ್ಕೆ ತಂದವರು. 2019ರಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಅವರನ್ನು ಸಹಾಯಕರಾಗಿ ಕರೆಯಿತು. 2021ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಎಸ್‌ಸಿ) ಮಹಿಳಾ ತಂಡದ ಮುಖ್ಯ ಕೋಚ್ ಆಗಿ ಮರಳಿದರು. ಕಾರಾ ಲಾಸನ್ ಎನ್‌ಬಿಎಯ ಬಾಸ್ಟನ್ ಸೆಲ್ಟಿಕ್ಸ್‌ನಿಂದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಬಂದರು. ನೀಲ್ ಐವಿ ಎನ್‌ಬಿಎಯ ಮೆಂಫಿಸ್ ತಂಡದಿಂದ ನೋಟರ್ ಡೇಮ್‌ಗೆ ಬಂದರು, ಇಬ್ಬರೂ 2020ರಲ್ಲಿ. ಮೂವರಿಗೂ ಒಂದು ಕಡೆ ಬೆಂಚಿನ ಮೂರನೇ ಕುರ್ಚಿ, ಇನ್ನೊಂದು ಕಡೆ ಇಡೀ ತಂಡ. ಯಾರಾದರೂ ಏನು ಆರಿಸುತ್ತಾರೆ ಹೇಳಿ.

ವಾಪಸ್ ಬಂದಾಗ ಕೈ ಖಾಲಿಯೂ ಇರಲಿಲ್ಲ. ಎನ್‌ಬಿಎಯಲ್ಲಿ ವಿಡಿಯೊ, ಅಂಕಿಅಂಶ, ಆಟಗಾರರ ದೇಹದ ಆರೈಕೆ ಹೇಗೆ ನಡೆಯುತ್ತದೆ ಎಂದು ಒಳಗಿಂದ ಕಂಡು ಬಂದರು.

ಡಾನ್ ಸ್ಟೇಲಿಗೆ ನಿಕ್ಸ್ ಕೆಲಸ ಯಾಕೆ ಸಿಗಲಿಲ್ಲ?

2025ರಲ್ಲಿ ಎನ್‌ಬಿಎಯ ನ್ಯೂಯಾರ್ಕ್ ನಿಕ್ಸ್ ತಂಡ ಕೋಚ್ ಹುಡುಕುತ್ತಿದ್ದಾಗ ಸ್ಟೇಲಿ ಅವರನ್ನು ಸಂದರ್ಶಿಸಿತು. ಮೂರು ರಾಷ್ಟ್ರೀಯ ಪ್ರಶಸ್ತಿ, 2024ರಲ್ಲಿ 38 ಪಂದ್ಯ ಆಡಿ 38ನ್ನೂ ಗೆದ್ದ ತಂಡ, ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ, ಕೋಚ್ ಆಗಿ ಒಂದು. ಕೆಲಸ ಹೋದದ್ದು ಮೈಕ್ ಬ್ರೌನ್ ಅವರಿಗೆ. ಬ್ರೌನ್ ಎನ್‌ಬಿಎಯಲ್ಲಿ ವರ್ಷಗಟ್ಟಲೆ ಮುಖ್ಯ ಕೋಚ್ ಆಗಿದ್ದವರು, ಆ ಆಯ್ಕೆಯನ್ನು ತಪ್ಪು ಎನ್ನಲಾರೆ.

ಕೊಟ್ಟಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಎಂದು ಸ್ಟೇಲಿ ಆಮೇಲೆ ಬಹಿರಂಗವಾಗಿ ಹೇಳಿದರು. ಸಂದರ್ಶನದಲ್ಲಿ ತಾವೇ ಕೇಳಿದ ಪ್ರಶ್ನೆಯನ್ನೂ ಹೇಳಿದರು. ಮೊದಲ ಮಹಿಳಾ ಕೋಚ್ ಬಂದರೆ ನಿಮ್ಮ ದಿನದ ಕೆಲಸ ಹೇಗೆ ಬದಲಾಗುತ್ತದೆ? ಐದು ಪಂದ್ಯ ಸೋತರೆ ಜನ ಸೋಲಿನ ಬಗ್ಗೆ ಮಾತಾಡುವುದಿಲ್ಲ, ಹೆಂಗಸು ಎಂಬ ಬಗ್ಗೆ ಮಾತಾಡುತ್ತಾರೆ. ಅದಕ್ಕೆ ತಯಾರಿದ್ದೀರಾ? ಈ ಪ್ರಶ್ನೆಗಳಿಂದಲೇ ಕೆಲಸ ಕೈತಪ್ಪಿತೇನೋ ಎಂದೂ ಅವರಿಗೆ ಅನಿಸಿದೆ. ಆದರೂ ಆ ಪ್ರಶ್ನೆ ಕೇಳಿದ್ದು ನೂರಕ್ಕೆ ನೂರು ಸರಿ. ಒಬ್ಬರನ್ನು ನೀರಿಗೆ ಇಳಿಸುವವರು ದಡದಲ್ಲಿ ಹಗ್ಗ ಹಿಡಿದು ನಿಲ್ಲುತ್ತಾರಾ ಎಂದು ಇಳಿಯುವವರು ಮೊದಲೇ ಕೇಳಬೇಕು.

ಮೊದಲ ಮಹಿಳೆ ಸೋತುಬಿಟ್ರೆ? ಮುಂದೆ ಯಾರಿಗೂ ಕೊಡಲ್ಲ ಅನ್ನೋ ಭಯ ಇಲ್ವಾ?

ಇದೆ. ಬೇರೆ ಆಟಗಳಲ್ಲಿ ಇದರ ರುಚಿ ಕಂಡಾಗಿದೆ. 2014ರಲ್ಲಿ ಟೆನಿಸ್‌ನ ಆ್ಯಂಡಿ ಮರ್ರಿ ಅಮೆಲಿ ಮೊರೆಸ್ಮೊ ಅವರನ್ನು ಕೋಚ್ ಮಾಡಿಕೊಂಡರು. ತಾನು ಸೋತಾಗಲೆಲ್ಲ ಜನ ಅವರ ಕಡೆ ಬೆರಳು ತೋರಿಸುತ್ತಿದ್ದರು, ಹಿಂದಿನ ಯಾವ ಕೋಚ್‌ಗೂ ಹೀಗಾಗಿರಲಿಲ್ಲ ಎಂದು ಮರ್ರಿಯೇ ಹೇಳಿದ್ದಾರೆ. ಮಣ್ಣಿನ ಅಂಗಳದಲ್ಲಿ ಮರ್ರಿ ಮೊದಲ ಪ್ರಶಸ್ತಿ ಗೆದ್ದದ್ದು, 2015ರಲ್ಲಿ, ಮೊರೆಸ್ಮೊ ಅವರ ಕಾಲದಲ್ಲೇ.

ಹಾಂಗ್‌ಕಾಂಗ್‌ನ ಚಾನ್ ಯುಯೆನ್-ಟಿಂಗ್ 27ನೇ ವಯಸ್ಸಿನಲ್ಲಿ ಈಸ್ಟರ್ನ್ ಎಂಬ ಗಂಡಸರ ಫುಟ್‌ಬಾಲ್ ತಂಡವನ್ನು 2016ರ ಲೀಗ್ ಚಾಂಪಿಯನ್ ಮಾಡಿದರು. ಮರುವರ್ಷ ಏಷ್ಯಾದ ದೊಡ್ಡ ಟೂರ್ನಿಯ ಮೊದಲ ಪಂದ್ಯದಲ್ಲಿ ಅದೇ ತಂಡ ಗ್ವಾಂಗ್‌ಜೌ ಎದುರು 7-0ಯಿಂದ ಸೋತಿತು. ಗ್ವಾಂಗ್‌ಜೌ ಆಟಗಾರರಿಗೆ ಸುರಿದ ಹಣವೇ ಬೇರೆ ಲೆಕ್ಕ, ಯಾರಿದ್ದರೂ ಅಲ್ಲಿ ಏಟು ತಿನ್ನುತ್ತಿದ್ದರು.

ಒಬ್ಬರನ್ನೇ ಮೊದಲಿಗರನ್ನಾಗಿ ಕಳಿಸಿ ಉಳಿದವರೆಲ್ಲ ದಂಡೆಯಲ್ಲಿ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಮಧ್ಯಮ ಗಾತ್ರದ ಕಾಲೇಜುಗಳಲ್ಲಿ ಐದಾರು ಹೆಂಗಸರು ಒಟ್ಟಿಗೆ ಗಂಡಸರ ತಂಡಗಳಿಗೆ ಬರಲಿ. ಇಬ್ಬರು ಗೆಲ್ಲುತ್ತಾರೆ, ಇಬ್ಬರು ಸೋಲುತ್ತಾರೆ, ಇಬ್ಬರು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆಗ ಸೋತವರು ಸೋತ ಕೋಚ್ ಆಗಿ ಉಳಿಯುತ್ತಾರೆ, ಹೆಣ್ಣುಕುಲದ ಸಾಕ್ಷಿಯಾಗಿ ನಿಲ್ಲಬೇಕಾಗಿಲ್ಲ.

ನನ್ನ ಮಗಳು ಕಾಲೇಜು ಟೀಮಲ್ಲಿ ಆಡ್ತಾಳೆ. ಮುಂದೆ ಕೋಚ್ ಆಗ್ತೀನಿ, ಹುಡುಗರಿಗೂ ಕಲಿಸ್ತೀನಿ ಅಂತಾಳೆ. ಏನು ಹೇಳಲಿ?

ಒಳ್ಳೇದಾಗಲಿ ಎಂದು ಹೇಳಿ, ಆಮೇಲೆ ಕೆಲಸಕ್ಕೆ ಹಚ್ಚಿ. ಡಿಗ್ರಿ ಮುಗಿದ ಮೇಲೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ ಇದೆ. ನಮ್ಮ ದೇಶದಲ್ಲಿ ಕೋಚ್ ಕೆಲಸಕ್ಕೆ ಮೊದಲು ಕೇಳುವ ಕಾಗದ ಸಾಮಾನ್ಯವಾಗಿ ಅದೇ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಸ್ಕೋರ್ ಟೇಬಲ್‌ನಲ್ಲಿ ಕೂರಲಿ, ರೆಫ್ರಿ ಸೀಟಿ ಹಿಡಿಯಲಿ, ಹುಡುಗರ ಪಂದ್ಯವನ್ನೂ ಹುಡುಗಿಯರ ಪಂದ್ಯವನ್ನೂ ನೋಟ್‌ಬುಕ್ ಇಟ್ಟುಕೊಂಡು ನೋಡಲಿ.

ಬೇಸಿಗೆ ಶಿಬಿರ ಅತಿ ಒಳ್ಳೆಯ ಪಾಠಶಾಲೆ. ಹತ್ತು ಹನ್ನೆರಡು ವರ್ಷದ ಹುಡುಗ ಹುಡುಗಿಯರು ಒಟ್ಟಿಗೆ ಇರುತ್ತಾರೆ. ಡ್ರಿಬಲ್ ಮಾಡುವಾಗ ಚೆಂಡು ನೋಡಬೇಡ, ಮುಂದೆ ನೋಡು ಎಂದು ದಿನಕ್ಕೆ ಇನ್ನೂರು ಸಲ ಹೇಳಬೇಕು. ಆ ವಯಸ್ಸಿನ ಹುಡುಗರಿಗೆ ಅಕ್ಕ ಕಲಿಸುತ್ತಾಳೋ ಅಣ್ಣ ಕಲಿಸುತ್ತಾನೋ ಎಂಬ ಯೋಚನೆಯೇ ಇರುವುದಿಲ್ಲ, ಚೆಂಡು ಬುಟ್ಟಿಗೆ ಬಿದ್ದರೆ ಸಾಕು. ಮಾರ್ಚ್ ಕೊನೆಯಲ್ಲೇ ಹತ್ತಿರದ ಕ್ಲಬ್ಬಿಗೆ ಹೋಗಿ ಕೇಳಿ. ಏಪ್ರಿಲ್ ಶಿಬಿರಕ್ಕೆ ಸಹಾಯಕ್ಕೆ ಜನ ಬೇಕೇ ಬೇಕಿರುತ್ತದೆ.